ಟಿ.ವಿ. ಚರ್ಚೆ: ಗೆದ್ದವರು ಯಾರು, ಗೆಲ್ಲಿಸಿದವರು ಯಾರು?

2016ರ ಫೆಬ್ರುವರಿ 1. ಅಮೆರಿಕದ ಅಯೋವಾ ರಾಜ್ಯದಲ್ಲಿ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯನ್ನು ಆರಿಸಲು ಮೊದಲ ಸುತ್ತಿನ ಮತದಾನ ನಡೆಯಿತು. ಟೆಡ್ ಕ್ರೂಜ್ ಮೊದಲಿಗರಾದರು. ಡೊನಾಲ್ಡ್ ಟ್ರಂಪ್ ಅವರಿಗೆ ಶೇಕಡಾ 24ರಷ್ಟು ಮತ, ಎರಡನೇ ಸ್ಥಾನ. ಮಾರ್ಕೊ ರೂಬಿಯೊ ಅವರಿಗೆ ಶೇಕಡಾ 23ರಷ್ಟು ಮತ, ಮೂರನೇ ಸ್ಥಾನ. ವಿಚಿತ್ರವೆಂದರೆ, ಎರಡನೆಯವರ ಫಲಿತಾಂಶವನ್ನು ಎಲ್ಲರೂ ಹಿನ್ನಡೆ ಎಂದರು; ಮೂರನೆಯವರದನ್ನು ಗೆಲುವಿನಂತೆ ಬಣ್ಣಿಸಿದರು. ರೂಬಿಯೊ ಕೂಡ ಆ ರಾತ್ರಿ ಗೆದ್ದವರ ಧಾಟಿಯಲ್ಲೇ ಭಾಷಣ ಮಾಡಿದರು.

ಐದು ದಿನ ಕಳೆಯಿತು. ಫೆಬ್ರುವರಿ 6ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದಲ್ಲಿ ಅಭ್ಯರ್ಥಿಗಳ ನಡುವೆ ಟಿ.ವಿ. ಚರ್ಚೆ ಏರ್ಪಟ್ಟಿತು. ರೂಬಿಯೊ ಬಾಯಿಪಾಠ ಮಾಡಿದ ಮಾತುಗಳನ್ನು ಒಪ್ಪಿಸುತ್ತಾರೆ ಎಂದು ನ್ಯೂಜೆರ್ಸಿಯ ಗವರ್ನರ್ ಕ್ರಿಸ್ ಕ್ರಿಸ್ಟಿ ಆಕ್ಷೇಪಿಸಿದರು. ಉತ್ತರವಾಗಿ ರೂಬಿಯೊ, ಆಗತಾನೇ ಅಧ್ಯಕ್ಷ ಒಬಾಮಾ ಅವರ ಬಗ್ಗೆ ಹೇಳಿದ್ದ ವಾಕ್ಯವನ್ನೇ ಮತ್ತೆ ಹೇಳಿದರು. ಸ್ವಲ್ಪ ಹೊತ್ತಿನಲ್ಲಿ ಮತ್ತೊಮ್ಮೆ ಅದೇ ವಾಕ್ಯ! ಕ್ರಿಸ್ಟಿ ಅದನ್ನು ಎತ್ತಿ ತೋರಿಸಿದರು. ಫೆಬ್ರುವರಿ 9ರ ಮತದಾನದಲ್ಲಿ ರೂಬಿಯೊ ಐದನೇ ಸ್ಥಾನಕ್ಕೆ ಇಳಿದರು. ಶನಿವಾರದ ಚರ್ಚೆಯಲ್ಲಿ ತಾವು ಎಡವಿದ್ದೇ ಕಾರಣವೆಂದು ಅವರೇ ಬೆಂಬಲಿಗರ ಮುಂದೆ ಒಪ್ಪಿಕೊಂಡರು. ಎದುರಾಳಿಯನ್ನು ಮಣಿಸಿದ ಕ್ರಿಸ್ಟಿಗೆ ಸಿಕ್ಕಿದ್ದಾದರೂ ಏನು? ಆರನೇ ಸ್ಥಾನ. ಮರುದಿನವೇ ಅವರು ಕಣದಿಂದ ಹಿಂದೆ ಸರಿದರು.

ಹಾಗಾದರೆ ಚರ್ಚೆಯಲ್ಲಿ ಗೆಲುವು, ಸೋಲು ಎಂದರೇನು? ಅದನ್ನು ನೋಡುಗ ಯಾವ ಅಳತೆಗೋಲಿನಿಂದ ಅಳೆಯುತ್ತಾನೆ?

ಮೂರು ಪಾತ್ರೆಗಳ ಪ್ರಯೋಗ

ಮೂರು ಪಾತ್ರೆಗಳಲ್ಲಿ ನೀರು ತೆಗೆದುಕೊಳ್ಳಿ. ಒಂದರಲ್ಲಿ ಕೈ ತಾಳುವಷ್ಟು ಬಿಸಿನೀರು, ಇನ್ನೊಂದರಲ್ಲಿ ತಣ್ಣೀರು, ನಡುವಿನದರಲ್ಲಿ ಉಗುರುಬೆಚ್ಚಗಿನ ನೀರು. ಬಲಗೈಯನ್ನು ಬಿಸಿನೀರಿನಲ್ಲೂ ಎಡಗೈಯನ್ನು ತಣ್ಣೀರಿನಲ್ಲೂ ಒಂದೆರಡು ನಿಮಿಷ ಅದ್ದಿಡಿ. ಆಮೇಲೆ ಎರಡೂ ಕೈಗಳನ್ನು ಒಟ್ಟಿಗೆ ನಡುವಿನ ಪಾತ್ರೆಗೆ ಹಾಕಿ. ಅದೇ ನೀರು ಬಲಗೈಗೆ ತಣ್ಣಗೂ ಎಡಗೈಗೆ ಬಿಸಿಯಾಗಿಯೂ ತೋರುತ್ತದೆ. ಹದಿನೇಳನೇ ಶತಮಾನದ ಇಂಗ್ಲಿಷ್ ತತ್ತ್ವಜ್ಞಾನಿ ಜಾನ್ ಲಾಕ್ ಈ ಸಂಗತಿಯನ್ನು ಚರ್ಚಿಸಿದ್ದಾರೆ. ನಮ್ಮ ಚರ್ಮ ಉಷ್ಣಮಾಪಕದಂತೆ ಸೊನ್ನೆಯಿಂದ ಎಣಿಸುವುದಿಲ್ಲ. ಈ ಮೊದಲು ಇದ್ದ ಸ್ಥಿತಿಯೊಂದಿಗೆ ಹೋಲಿಸಿ ಅಳೆಯುತ್ತದೆ.

ಮನಸ್ಸಿನ ಅಳತೆಯೂ ಬಹುಮಟ್ಟಿಗೆ ಹೀಗೆಯೇ. 95 ಅಂಕ ಬರುತ್ತದೆಂದು ಕಾದಿದ್ದ ಮನೆಯಲ್ಲಿ 85 ಬಂದರೆ ಮೌನ ಕವಿಯುತ್ತದೆ. ಪಾಸಾದರೆ ಸಾಕು ಎಂದುಕೊಂಡಿದ್ದ ಮನೆಯಲ್ಲಿ 60 ಬಂದರೆ ಪೇಡೆ ಹಂಚುತ್ತಾರೆ. ಅಯೋವಾದಲ್ಲಿ ಟ್ರಂಪ್ ಮೊದಲಿಗರಾಗುತ್ತಾರೆ ಎಂಬ ನಿರೀಕ್ಷೆ ಇತ್ತು. ರೂಬಿಯೊ ಅಷ್ಟು ಮತ ಗಳಿಸುತ್ತಾರೆಂಬ ನಿರೀಕ್ಷೆ ಇರಲಿಲ್ಲ. ತೀರ್ಪು ತಲೆಕೆಳಗಾದದ್ದು ಇದರಿಂದ.

ಒಂದೇ ಪಕ್ಷದವರ ಪೈಪೋಟಿ

ನಮ್ಮಲ್ಲಿ ಯಾರಿಗೆ 'ಟಿಕೆಟ್' ಎಂಬುದನ್ನು ಪಕ್ಷದ ವರಿಷ್ಠರು ತೀರ್ಮಾನಿಸುತ್ತಾರೆ. ಅಮೆರಿಕದಲ್ಲಿ ಅಧ್ಯಕ್ಷ ಪದವಿಗೆ ಒಂದು ಪಕ್ಷದಿಂದ ಯಾರು ನಿಲ್ಲಬೇಕು ಎಂಬುದನ್ನು ಸಾಮಾನ್ಯ ಮತದಾರರೇ ರಾಜ್ಯವಾರು ಮತ ಹಾಕಿ ನಿರ್ಧರಿಸುತ್ತಾರೆ. ಈ ಪ್ರಾಥಮಿಕ ಚುನಾವಣೆಗೆ 'ಪ್ರೈಮರಿ' ಎಂದು ಹೆಸರು. ಅಯೋವಾದಂಥ ಕೆಲವು ಕಡೆ ಇದು ಸಭೆ ಸೇರಿ ಆರಿಸುವ ರೂಪದಲ್ಲಿ ನಡೆದುಬಂದಿದೆ.

ಪ್ರೈಮರಿಗೆ ಮುನ್ನ ನಡೆಯುವ ಚರ್ಚೆಗೆ ಒಂದು ವಿಶೇಷವಿದೆ. ಅಂತಿಮ ಚುನಾವಣೆಯ ಚರ್ಚೆಯನ್ನು ನೋಡುವವರಲ್ಲಿ ಬಹುಪಾಲು ಜನ ತಮ್ಮ ಪಕ್ಷವನ್ನು ಮೊದಲೇ ಆರಿಸಿಕೊಂಡಿರುತ್ತಾರೆ. ತಮ್ಮವರು ತಪ್ಪಿದರೂ ಸಮರ್ಥಿಸುತ್ತಾರೆ. ಪ್ರೈಮರಿಯಲ್ಲಿ ವೇದಿಕೆಯ ಮೇಲಿರುವ ಎಲ್ಲರೂ ಒಂದೇ ಪಕ್ಷದವರು. ತತ್ತ್ವ, ಧೋರಣೆಗಳಲ್ಲಿ ಅಂಥ ಅಂತರವಿರುವುದಿಲ್ಲ. ಎಷ್ಟೋ ಹೆಸರುಗಳು ಹೊಸವು. ಹೀಗಾಗಿ ನೋಡುಗನ ಮನಸ್ಸು ಹಸಿಮಣ್ಣಿನಂತೆ ಇರುತ್ತದೆ. ಒಂದು ಮಾತು, ಒಂದು ತಡವರಿಕೆ, ಒಂದು ನಗು ಅಲ್ಲಿ ಅಚ್ಚೊತ್ತಿಬಿಡುತ್ತದೆ.

1948ರ ಮೇ 17ರಂದು ಆರಿಗನ್ ರಾಜ್ಯದಲ್ಲಿ ಥಾಮಸ್ ಡ್ಯೂಯಿ ಮತ್ತು ಹೆರಾಲ್ಡ್ ಸ್ಟಾಸೆನ್ ರೇಡಿಯೊದಲ್ಲಿ ಚರ್ಚಿಸಿದ್ದು ಒಂದೇ ಪ್ರಶ್ನೆಯನ್ನು: ಕಮ್ಯುನಿಸ್ಟ್ ಪಕ್ಷವನ್ನು ನಿಷೇಧಿಸಬೇಕೇ, ಬೇಡವೇ? 1956ರ ಮೇ ತಿಂಗಳಲ್ಲಿ ಅಡ್ಲಾಯ್ ಸ್ಟೀವನ್‌ಸನ್ ಮತ್ತು ಎಸ್ಟಿಸ್ ಕಿಫಾವರ್ ಪ್ರೈಮರಿ ಚರ್ಚೆಯನ್ನು ಟಿ.ವಿ.ಗೆ ತಂದರು. ಅಲ್ಲಿಂದ 2015ರ ಆಗಸ್ಟ್ 6ಕ್ಕೆ ಬಂದರೆ, ಕ್ಲೀವ್‌ಲ್ಯಾಂಡ್ ನಗರದ ವೇದಿಕೆಯಲ್ಲಿ ಹತ್ತು ಮಂದಿ ಅಭ್ಯರ್ಥಿಗಳು! ನೋಡಿದವರು ಸುಮಾರು 2 ಕೋಟಿ 40 ಲಕ್ಷ ಮಂದಿ. ಹತ್ತು ಮಂದಿಯಲ್ಲಿ ಒಬ್ಬೊಬ್ಬರಿಗೆ ಸಿಗುವುದು ಕೆಲವೇ ನಿಮಿಷ. ವಾದ ಬೆಳೆಸಲು ಅವಕಾಶವಿಲ್ಲ. ಚುಟುಕು ಮಾತಿಗೇ ಬೆಲೆ.

ನಿರೀಕ್ಷೆಯ ಆಟ

ನಿರೀಕ್ಷೆ ಎಷ್ಟು ದುಬಾರಿಯಾಗಬಹುದು ಎಂಬುದಕ್ಕೆ ಎಡ್ಮಂಡ್ ಮಸ್ಕಿ ಅವರೇ ಸಾಕ್ಷಿ. 1972ರ ನ್ಯೂ ಹ್ಯಾಂಪ್‌ಶೈರ್ ಪ್ರೈಮರಿಯಲ್ಲಿ ಅವರಿಗೆ ಶೇಕಡಾ 46, ಎದುರಾಳಿ ಜಾರ್ಜ್ ಮೆಕ್‌ಗವರ್ನ್ ಅವರಿಗೆ ಶೇಕಡಾ 37. ಗೆದ್ದದ್ದು ಮಸ್ಕಿ. ಆದರೆ ಅವರು ಪಕ್ಕದ ಮೇಯ್ನ್ ರಾಜ್ಯದವರು. ಅರ್ಧಕ್ಕಿಂತ ಹೆಚ್ಚು ಮತ ಗಳಿಸಲೇಬೇಕು ಎಂಬ ಲೆಕ್ಕಾಚಾರವಿತ್ತು. ಅದು ತಪ್ಪಿದ್ದರಿಂದ ಗೆಲುವೇ ಸೋಲಿನ ಬಣ್ಣ ಪಡೆಯಿತು. ಆ ವರ್ಷ ಅಭ್ಯರ್ಥಿಯಾದವರು ಮೆಕ್‌ಗವರ್ನ್.

ಈ ಪಾಠವನ್ನು ಪ್ರಚಾರ ತಂಡಗಳು ಚೆನ್ನಾಗಿ ಕಲಿತಿವೆ. ಚರ್ಚೆಗೆ ಮುಂಚೆ ಎದುರಾಳಿಯನ್ನು 'ಮಹಾ ವಾಗ್ಮಿ' ಎಂದು ಹೊಗಳುತ್ತಾರೆ. ತಮ್ಮವರಿಗೆ ಇಂಥದ್ದು ಅಭ್ಯಾಸವಿಲ್ಲ ಎನ್ನುತ್ತಾರೆ. ಇದು ವಿನಯವೆಂದು ಯಾರೂ ಮೋಸಹೋಗಬೇಕಿಲ್ಲ. ನೋಡುಗನ ಕೈಯನ್ನು ಮೊದಲೇ ತಣ್ಣೀರಿನಲ್ಲಿ ಅದ್ದಿಸುವ ಉಪಾಯವದು.

ನಿರೀಕ್ಷೆ ಕೆಳಗಿದ್ದರೆ ಯಾವಾಗಲೂ ಅನುಕೂಲವೇ ಎಂದರೆ, ಅದೂ ಇಲ್ಲ. ಟೆಕ್ಸಾಸ್ ಗವರ್ನರ್ ರಿಕ್ ಪೆರಿ 2011ರ ಆಗಸ್ಟ್‌ನಲ್ಲಿ ಕಣಕ್ಕಿಳಿದಾಗ ಜನಮತ ಸಮೀಕ್ಷೆಗಳಲ್ಲಿ ಮುಂದಿದ್ದರು. ಚರ್ಚೆಗಳಲ್ಲಿ ಮಂಕಾಗುತ್ತ ಬಂದರು. ನವೆಂಬರ್ 9ರಂದು ಮಿಷಿಗನ್‌ನಲ್ಲಿ, ತಾವು ಅಧ್ಯಕ್ಷರಾದರೆ ಮೂರು ಇಲಾಖೆಗಳನ್ನು ಮುಚ್ಚುವುದಾಗಿ ಹೇಳಿ, ವಾಣಿಜ್ಯ, ಶಿಕ್ಷಣ ಎಂದು ಎರಡನ್ನು ಹೆಸರಿಸಿದರು. ಮೂರನೆಯದು ನೆನಪಿಗೆ ಬರಲೇ ಇಲ್ಲ. ಸುಮಾರು ಒಂದು ನಿಮಿಷ ತಡಕಾಡಿ, ಕೊನೆಗೆ 'ಊಪ್ಸ್' ಎಂದು ಸುಮ್ಮನಾದರು. ಪರೀಕ್ಷಾ ಕೊಠಡಿಯಲ್ಲಿ ಗೊತ್ತಿದ್ದ ಉತ್ತರವೇ ಕೈಕೊಟ್ಟ ಅನುಭವ ಇಲ್ಲದ ವಿದ್ಯಾರ್ಥಿ ಯಾರು? ಬೇರೆ ಅಭ್ಯರ್ಥಿಯಾಗಿದ್ದರೆ ಜನ ನಕ್ಕು ಮರೆಯುತ್ತಿದ್ದರೇನೋ. ಆದರೆ ಪೆರಿ ಎಡವುತ್ತಾರೆಂದು ನೋಡುಗರು ಆಗಲೇ ಎಣಿಸಿದ್ದರು. ಎಣಿಸಿದ್ದು ಕಣ್ಣೆದುರೇ ನಡೆಯಿತು. 2012ರ ಜನವರಿಯಲ್ಲಿ ಅವರು ಸ್ಪರ್ಧೆಯಿಂದ ಹೊರನಡೆದರು. ಅಂದು ನೆನಪಾಗದ ಮೂರನೆಯದು ಇಂಧನ ಇಲಾಖೆ. 2017ರಲ್ಲಿ ಪೆರಿ ಅದೇ ಇಲಾಖೆಯ ಮುಖ್ಯಸ್ಥರಾದದ್ದು ವಿಧಿಯ ತಮಾಷೆ!

ಪಕ್ಕದವರ ನಗು

ಚರ್ಚೆ ನಡೆಯುತ್ತಿರುವಾಗಲೂ ನೋಡುಗನೊಬ್ಬನೇ ಇರುವುದಿಲ್ಲ. ಸಭಾಂಗಣದ ಜನರ ನಗು, ಚಪ್ಪಾಳೆ ಅವನ ಕಿವಿಗೆ ಬೀಳುತ್ತಲೇ ಇರುತ್ತದೆ. 1984ರ ಮಾರ್ಚ್ 11ರಂದು ಅಟ್ಲಾಂಟಾದಲ್ಲಿ ವಾಲ್ಟರ್ ಮಾಂಡೇಲ್, 'ಹೊಸ ಚಿಂತನೆ'ಯ ಹುರಿಯಾಳು ಎಂದು ಹೆಸರಾಗಿದ್ದ ಗ್ಯಾರಿ ಹಾರ್ಟ್ ಅವರನ್ನು ಒಂದು ಹ್ಯಾಂಬರ್ಗರ್ ಜಾಹೀರಾತಿನ ಮಾತಿನಿಂದ ಕುಟುಕಿದರು. ದೊಡ್ಡ ಬನ್ನು ಕಂಡು, ಒಳಗೆ ಮಾಂಸ ಎಲ್ಲಿ ಎಂದು ಅಜ್ಜಿಯೊಬ್ಬಳು ಕೇಳುವ ಜಾಹೀರಾತು ಅದು. ಸಭೆ ನಕ್ಕಿತು. ಹಾರ್ಟ್ ಅವರ ಚಿಂತನೆಗಳಲ್ಲಿ ಹುರುಳಿತ್ತೇ ಎಂಬ ಪ್ರಶ್ನೆ ಆ ನಗೆಯಲ್ಲಿ ಮುಳುಗಿಹೋಯಿತು.

ನಗುವಿನ ಬಲವನ್ನು ಮನೋವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದ್ದಾರೆ. 1984ರ ಅಂತಿಮ ಚುನಾವಣೆಯ ಚರ್ಚೆಯಲ್ಲಿ ರೊನಾಲ್ಡ್ ರೇಗನ್ ತಮ್ಮ ವಯಸ್ಸಿನ ಬಗ್ಗೆ ಹಾಸ್ಯ ಮಾಡಿ ಎಲ್ಲರನ್ನೂ ನಗಿಸಿದ್ದರು. ಆ ಚರ್ಚೆಯ ದೃಶ್ಯವನ್ನು ಸಂಕಲಿಸಿ ವಿದ್ಯಾರ್ಥಿಗಳ ಬೇರೆ ಬೇರೆ ಗುಂಪುಗಳಿಗೆ ತೋರಿಸಲಾಯಿತು. ಒಂದು ಗುಂಪಿಗೆ ಹಾಸ್ಯವೂ ಇತ್ತು, ಸಭಿಕರ ನಗುವೂ ಇತ್ತು. ಇನ್ನೊಂದಕ್ಕೆ ಹಾಸ್ಯವಿತ್ತು, ನಗುವನ್ನು ಅಳಿಸಿಹಾಕಲಾಗಿತ್ತು. 2007ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ, ನಗು ಕೇಳದ ಗುಂಪು ರೇಗನ್ ಅವರಿಗೆ ಸಾಕಷ್ಟು ಕಡಿಮೆ ಅಂಕ ನೀಡಿತ್ತು. ಮಾತು ಅದೇ, ಮುಖ ಅದೇ. ಪಕ್ಕದವರು ನಗಲಿಲ್ಲ, ಅಷ್ಟೇ.

ಬ್ರಿಟನ್ನಿನಲ್ಲಿ ನಡೆದ ಇನ್ನೊಂದು ಪ್ರಯೋಗವೂ ಗಮನಾರ್ಹ. ಚರ್ಚೆ ನಡೆಯುವಾಗ ಪರದೆಯ ಕೆಳಗೆ ಒಂದು ಗೆರೆ ಹಾವಿನಂತೆ ಏರಿಳಿಯುತ್ತಿರುತ್ತದೆ. ಆಯ್ದ ಕೆಲವು ನೋಡುಗರ ಮೆಚ್ಚುಗೆಯನ್ನು ಅದು ಕ್ಷಣಕ್ಷಣಕ್ಕೂ ತೋರಿಸುತ್ತದೆ. 2010ರಲ್ಲಿ ಸಂಶೋಧಕರು 150 ಮಂದಿಗೆ ನೇರಪ್ರಸಾರದ ಚರ್ಚೆಯೊಂದನ್ನು ತೋರಿಸುತ್ತ, ಗೆರೆಯನ್ನು ಮಾತ್ರ ತಾವೇ ಗುಟ್ಟಾಗಿ ಎಳೆದರು. ಒಂದು ಕೋಣೆಯಲ್ಲಿ ಗಾರ್ಡನ್ ಬ್ರೌನ್ ಕಡೆಗೆ, ಇನ್ನೊಂದರಲ್ಲಿ ನಿಕ್ ಕ್ಲೆಗ್ ಕಡೆಗೆ ವಾಲಿದ ಗೆರೆ. ಯಾವ ಕೋಣೆಯಲ್ಲಿ ಗೆರೆ ಯಾರ ಕಡೆ ವಾಲಿತ್ತೋ, ಅಲ್ಲಿನವರ ತೀರ್ಪೂ ಅತ್ತಲೇ ವಾಲಿತು.

ಮರುದಿನದ ತೀರ್ಪು

ಟಿ.ವಿ. ಆರಿಸಿದ ಮೇಲೂ ತೀರ್ಪು ಬದಲಾಗುತ್ತದೆ. 1976ರ ಅಕ್ಟೋಬರ್ 6ರ ಅಂತಿಮ ಚುನಾವಣೆಯ ಚರ್ಚೆಯಲ್ಲಿ, ಪೂರ್ವ ಯುರೋಪಿನ ಮೇಲೆ ಸೋವಿಯತ್ ಪ್ರಾಬಲ್ಯವಿಲ್ಲ ಎಂದು ಅಧ್ಯಕ್ಷ ಫೋರ್ಡ್ ಹೇಳಿದರು. ಅದು ದೊಡ್ಡ ತಪ್ಪು. ಆದರೆ ಅಂದು ರಾತ್ರಿ ಕೇಳಿದಾಗ, ಫೋರ್ಡ್ ಸೋತರು ಎಂಬ ಭಾವನೆ ನೋಡುಗರಲ್ಲಿ ಅಷ್ಟಾಗಿ ಇರಲಿಲ್ಲ. ಪತ್ರಿಕೆಗಳೂ ವಾರ್ತೆಗಳೂ ಆ ತಪ್ಪನ್ನು ಎತ್ತಿ ಆಡಿದ ಮೇಲೆ, ಮರುದಿನ ಸಂಜೆಗೆ ಬಹುಪಾಲು ಜನ ಕಾರ್ಟರ್ ಗೆದ್ದರು ಎನ್ನತೊಡಗಿದರು. ಗೆದ್ದೆತ್ತಿನ ಬಾಲ ಹಿಡಿಯುವುದು ಇದೇ ತಾನೇ? ಆದರೂ ಇಲ್ಲಿ ಪತ್ರಿಕೆಗಳು ತಮ್ಮ ಕೆಲಸ ಮಾಡಿದವು ಎನ್ನಬೇಕು. ವಾಸ್ತವದ ತಪ್ಪನ್ನು ತಿದ್ದುವುದು ಬೇರೆ, 'ಇಂಥವರು ಗೆದ್ದರು' ಎಂದು ಸಾರುವುದು ಬೇರೆ. ಈ ಎರಡನ್ನು ಬೇರ್ಪಡಿಸಿ ನೋಡುವುದು ಪ್ರಜ್ಞಾವಂತ ಓದುಗನ ಲಕ್ಷಣ.

ಹಾಗೆಂದು ಚರ್ಚೆಗಳೆಲ್ಲ ಬರೀ ಆಟ ಎನ್ನಲಾಗದು. ಒತ್ತಡ ಬಂದಾಗ ಬಾಯಿಪಾಠಕ್ಕೆ ಮೊರೆಹೋಗುವವರು ಯಾರು ಎಂಬುದು ಮತದಾರನಿಗೆ ತಿಳಿಯಬೇಕಾದ ಸಂಗತಿಯೇ. ಆದರೆ 2016ರ ಆ ರಾತ್ರಿಯೇ ಉತ್ತರ ಕೊರಿಯಾ ರಾಕೆಟ್ ಹಾರಿಸಿದ ಸುದ್ದಿ ಬಂದು, ಅಭ್ಯರ್ಥಿಗಳನ್ನು ಅದರ ಬಗ್ಗೆಯೂ ಪ್ರಶ್ನಿಸಲಾಗಿತ್ತು. ಅಣ್ವಸ್ತ್ರಗಳ ಕೀಲಿಕೈ ಹಿಡಿಯಹೊರಟವರು ಅದಕ್ಕೆ ಕೊಟ್ಟ ಉತ್ತರಗಳು ಎಷ್ಟು ಜನರಿಗೆ ನೆನಪಿವೆ? ನೆನಪಿನಲ್ಲಿ ಉಳಿದದ್ದು ಮತ್ತೆ ಮತ್ತೆ ಹೇಳಿದ ಆ ಒಂದು ವಾಕ್ಯ.

ಮನೆಯಲ್ಲೇ ಮಾಡಿ ನೋಡಿ

ಇದನ್ನು ಪರೀಕ್ಷಿಸಲು ಅಮೆರಿಕಕ್ಕೆ ಹೋಗಬೇಕಿಲ್ಲ. ಟಿ.ವಿ.ಯ ಯಾವುದೇ ಚರ್ಚೆ, ಶಾಲೆಯ ಚರ್ಚಾಸ್ಪರ್ಧೆಯೂ ಆದೀತು. ಮನೆಮಂದಿಯೆಲ್ಲ ಒಂದೊಂದು ಹಾಳೆ ತೆಗೆದುಕೊಳ್ಳಿ. ಚರ್ಚೆಗೆ ಮೊದಲು, ಯಾರು ಚೆನ್ನಾಗಿ ಮಾತನಾಡಬಹುದು ಎಂಬ ನಿಮ್ಮ ನಿರೀಕ್ಷೆಯನ್ನು ಬರೆಯಿರಿ. ನಡೆಯುವಾಗ, ಪ್ರತಿಯೊಂದು ಪ್ರಶ್ನೆಗೂ ಉತ್ತರ ಸಿಕ್ಕಿತೇ, ಆಧಾರ ಕೊಟ್ಟರೇ ಎಂದಷ್ಟೇ ಗುರುತು ಹಾಕಿ. ಮುಗಿದ ಕೂಡಲೇ, ಒಬ್ಬರ ಹಾಳೆ ಇನ್ನೊಬ್ಬರು ನೋಡದೆ, ನಿಮ್ಮ ತೀರ್ಪು ಬರೆದು ಮಡಚಿಡಿ. ಅಪ್ಪ ಅಮ್ಮಂದಿರು ಮಾತ್ರ ಮಕ್ಕಳ ಹಾಳೆ ಮಡಚುವವರೆಗೆ ತಮ್ಮ ಅಭಿಪ್ರಾಯ ಹೇಳದಿದ್ದರೆ ಒಳ್ಳೆಯದು. ಅವರ ಮುಖದ ನಗುವೂ ಮಕ್ಕಳ ಪಾಲಿಗೆ ಪರದೆಯ ಮೇಲಿನ ಗೆರೆಯೇ.

ಮರುದಿನ ಪತ್ರಿಕೆ ಓದಿ, ಗೆಳೆಯರ ಮಾತು ಕೇಳಿ, ಮತ್ತೊಮ್ಮೆ ತೀರ್ಪು ಬರೆಯಿರಿ. ಆಮೇಲೆ ಹಾಳೆಗಳನ್ನು ಬಿಚ್ಚಿ ಹೋಲಿಸಿ. ತೀರ್ಪು ಬದಲಾಗಿದ್ದರೆ ನಾಚಿಕೆಪಡಬೇಕಾದ್ದೇನೂ ಇಲ್ಲ. ಹೊಸ ಆಧಾರ ಸಿಕ್ಕಿ ಬದಲಾಯಿತೇ, ಹತ್ತು ಜನ ಹೇಳಿದರೆಂದು ಬದಲಾಯಿತೇ ಎಂಬುದನ್ನು ಪಕ್ಕದಲ್ಲಿ ಬರೆದಿಡಿ. ಹದಿನೆಂಟು ತುಂಬಿ ಮತಗಟ್ಟೆಗೆ ಹೋಗುವ ಹೊತ್ತಿಗೆ ಈ ಅಭ್ಯಾಸ ಕೈಗೂಡಿದ್ದರೆ ಸಾಕು.