ಮನೆಯೊಳಗಿನ ಫೋಟೋಗೆ ಯಾರನ್ನು ಕರೆಯಬೇಕು?

ಕುಂದೂರು, ಸಕಲೇಶಪುರ ಕಡೆಯ ಹೋಂಸ್ಟೇಗೆ ಬರುವವರು ಮೊದಲು ನೋಡುವುದು ಕೋಣೆಯ ಫೋಟೋ. ಮದುವೆ ಫೋಟೋ ಚೆನ್ನಾಗಿ ತೆಗೆಯುವವರೆಲ್ಲ ಇದನ್ನೂ ಚೆನ್ನಾಗಿ ತೆಗೆಯುತ್ತಾರೆಂದು ಹೇಳಲಾಗದು. ಅವರು ಆರಿಸಿ ತೋರಿಸುವ ಹತ್ತು ಚಿತ್ರ ಬೇಡ, ಒಂದೇ ಮನೆಯ ಎಲ್ಲ ಚಿತ್ರಗಳನ್ನು ಕೇಳಿ. ಬಾಗಿಲು, ಗೋಡೆ ನೆಟ್ಟಗಿವೆಯೇ? ಕಿಟಕಿಯಾಚೆ ಕಾಫಿ ತೋಟ ಕಾಣುತ್ತದೆಯೇ, ಬರೀ ಬಿಳಿಯೇ? ಹಳೆ ಹೆಂಚಿನ ಮನೆಯೊಳಗೆ ಮಳೆಗಾಲದಲ್ಲಿ ಮಧ್ಯಾಹ್ನವೂ ಕತ್ತಲೆ. ಟ್ರೈಪಾಡ್ ಇಟ್ಟು, ಎಕ್ಸ್‌ಪೋಷರ್ ಬದಲಿಸಿ ಮೂರ್ನಾಲ್ಕು ಸಲ ತೆಗೆದು ಜೋಡಿಸಬಲ್ಲವರೇ ಬೇಕು.

ತೀರಾ ವೈಡ್ ಲೆನ್ಸ್ ಹತ್ತಡಿ ಕೋಣೆಯನ್ನು ಹಾಲ್ ಮಾಡಿಬಿಡುತ್ತದೆ. ನಮ್ಮ ಮನೆಯಲ್ಲಿ ಇದಕ್ಕೆ ಧೋಖಾ ಎನ್ನುತ್ತಾರೆ; ಬಂದ ಗಿರಾಕಿಯೂ ಹಾಗೇ ಅನ್ನುತ್ತಾನೆ.

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಹಣ ಕೊಟ್ಟು ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದು, ಬೇರೆ ಕರಾರು ಇಲ್ಲದಿದ್ದರೆ ಮಾತ್ರ. ಮನೆ ಕಟ್ಟಿದ ಆರ್ಕಿಟೆಕ್ಟ್‌ಗೂ ಆ ಫೋಟೋ ಬೇಕಿದ್ದರೆ ಅದನ್ನು ಮೊದಲೇ ಬರೆಸಿಕೊಳ್ಳಬೇಕು.