ಚೌಬಾರಾದಿಂದ ಹೊರಟು ಬೀದರ್ ನೋಡಿ

ಬೀದರ್‌ಗೆ ಬಂದವರಲ್ಲಿ ಬಹಳಷ್ಟು ಜನ ಆಟೊ ಹತ್ತಿ ನೇರ ಕೋಟೆಗೆ ಹೋಗಿಬಿಡುತ್ತಾರೆ. ಕೋಟೆಯೇನೋ ನೋಡಿದಂತಾಗುತ್ತದೆ, ಆದರೆ ಹಳೇ ಊರು ಕೈತಪ್ಪುತ್ತದೆ. ನನ್ನ ಮಾತು ಕೇಳುವುದಾದರೆ ಬೆಳಿಗ್ಗೆ ಏಳರ ಸುಮಾರಿಗೆ ಚೌಬಾರಾದ ಬುಡದಲ್ಲಿ ಇಳಿದು, ಅಲ್ಲಿಂದ ಕಾಲ್ನಡಿಗೆಯಲ್ಲೇ ಹೊರಡಿ. ಗೈಡ್ ಬೇಕಾಗಿಲ್ಲ.

ಚೌಬಾರಾ ಎಂದರೆ ನಾಲ್ಕು ದಾರಿ ಕೂಡುವಲ್ಲಿ ನಿಂತ ದುಂಡನೆಯ ಕಾವಲು ಗೋಪುರ. ಎತ್ತರ 71 ಅಡಿ. 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಅಹ್ಮದ್ ಶಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಹಾಗೆ ರಾಜಧಾನಿಯಾದ ಹಳೇ ಊರನ್ನು ಚೌಬಾರಾದ ದಾರಿಗಳು ನಾಲ್ಕು ಭಾಗ ಮಾಡುತ್ತವೆ. ಒಂದೊಂದು ಭಾಗಕ್ಕೂ ಒಂದೊಂದು ತಾಲೀಮು, ಅಂದರೆ ಗರಡಿ. ಸಿದ್ದಿಖ್ ಶಾ ತಾಲೀಮು, ನೂರ್ ಖಾನ್ ತಾಲೀಮು ಎಂಬ ಹೆಸರುಗಳು ಇಲ್ಲಿ ಕಿವಿಗೆ ಬೀಳುವುದು ಅದರಿಂದಲೇ. ಓಣಿಗಳಲ್ಲಿ ದಾರಿ ತಪ್ಪಿದರೆ ಗಾಬರಿ ಬೇಡ, ಚೌಬಾರಾ ಎಲ್ಲಿ ಎಂದು ಕೇಳಿದರೆ ಮಕ್ಕಳೂ ಕೈ ತೋರಿಸುತ್ತಾರೆ.

ಕೋಟೆಯ ಕಡೆಗೆ ಸ್ವಲ್ಪ ನಡೆದರೆ ಮಹಮೂದ್ ಗವಾನನ ಮದರಸಾ. ಬೆಳಿಗ್ಗೆಯೇ ಬನ್ನಿ ಎಂದದ್ದು ಇದಕ್ಕಾಗಿ: ಕಟ್ಟಡದ ಮುಖ ಪೂರ್ವಕ್ಕಿದೆ, ಎಳೆಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಪರ್ಷಿಯಾದ ಗೀಲಾನ್‌ನಿಂದ ಬಂದು ಇಲ್ಲಿ ಪ್ರಧಾನಿಯಾದ ಗವಾನ್ 1472ರಲ್ಲಿ ಕಟ್ಟಿಸಿದ ಮೂರಂತಸ್ತಿನ ವಿದ್ಯಾಲಯವಿದು. ಪಾಠದ ಕೋಣೆ, ಗ್ರಂಥಾಲಯ, ಮಸೀದಿ ಎಲ್ಲವೂ ಒಳಗೇ ಇದ್ದವು. ಎರಡು ಮಿನಾರುಗಳಲ್ಲಿ ಉಳಿದದ್ದು ಒಂದೇ. 17ನೇ ಶತಮಾನದ ಕೊನೆಯಲ್ಲಾದ ಸ್ಫೋಟವೊಂದರಲ್ಲಿ ಕಟ್ಟಡದ ಒಂದು ಪಾಲೇ ಕುಸಿಯಿತು. ಉಳಿದ ಮಿನಾರಿನ ಹತ್ತಿರ ನಿಂತು ಕತ್ತೆತ್ತಿ. ನೀಲಿ, ಹಸಿರು, ಹಳದಿ ಹೆಂಚಿನ ಚೂರುಗಳು ಅಂಕುಡೊಂಕು ಪಟ್ಟಿಯಾಗಿ ಮೇಲೇರುತ್ತವೆ. ಚೂರು ಉದುರಿದಲ್ಲಿ ಬರೀ ಗಾರೆ ಕಾಣುತ್ತದೆ. ಐದು ಶತಮಾನ ದಾಟಿದ ಬಣ್ಣ ಅದು; ದಯವಿಟ್ಟು ಮುಟ್ಟಬೇಡಿ.

ಅದೇ ದಾರಿ ಹಿಡಿದು ಮುಂದೆ ಹೋದರೆ ಕೋಟೆ. ಒಳಗೆ ಹೋಗುವ ಮುನ್ನ ಕಂದಕ ನೋಡಿ. ಊರು ಕೂತಿರುವುದೇ ಕೆಂಪು ಜಂಬಿಟ್ಟಿಗೆ ಕಲ್ಲಿನ ಮೇಲೆ, ಆ ಕಲ್ಲನ್ನೇ ಕೊರೆದು ಕಂದಕ ಮಾಡಿದ್ದಾರೆ. ಕೆಲವು ಕಡೆ ಅದು ಮೂರು ಸಾಲಾಗಿದೆ, ನಡುವೆ ಗೋಡೆಯ ಹಾಗೆ ಕಲ್ಲನ್ನು ಹಾಗೇ ಬಿಟ್ಟಿದ್ದಾರೆ. ಒಳಗೆ ಸೋಲಾ ಖಂಬ ಮಸೀದಿ, ತಖ್ತ್ ಮಹಲ್ ಇವೆ. ರಂಗೀನ್ ಮಹಲ್‌ಗೆ ಬೀಗ ಹಾಕಿದ್ದರೆ ಹಾಗೇ ವಾಪಸ್ಸಾಗಬೇಡಿ, ಪಕ್ಕದ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಿ. ಮಹಲಿನೊಳಗೆ ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿದ ಕೆಲಸವನ್ನು ನೋಡಲೇಬೇಕು. ಕೋಟೆಯೊಳಗೆ ನೆರಳು ಕಡಿಮೆ. ನೀರು, ಟೋಪಿ ಜೊತೆಗಿರಲಿ.

ಮರಳುವಾಗ ಚೌಬಾರಾದ ಆಸುಪಾಸಿನ ಬಿದರಿ ಅಂಗಡಿಗಳಿಗೆ ಹೋಗಿ. ಬಿದರಿ ಎಂದರೆ ಲೋಹದ ಮೇಲೆ ಬೆಳ್ಳಿ ಕೂರಿಸುವ ಕುಸುರಿ. ಈ ಕೆಲಸದಲ್ಲಿ ಕೋಟೆಯ ಮಣ್ಣಿಗೂ ಪಾಲಿದೆ, ಹಾಗಾಗಿ ಕೋಟೆ ನೋಡಿ ಬಂದ ಮೇಲೆ ನೋಡಿದರೇ ಚೆನ್ನ. ಬಹುಪಾಲು ಸತು, ಸ್ವಲ್ಪ ತಾಮ್ರ ಸೇರಿಸಿ ಎರಕ ಹೊಯ್ದ ಹೂಜಿಗೆ ಮೊದಲು ಮೈಲುತುತ್ತ ಬಳಿಯುತ್ತಾರೆ. ಕಪ್ಪಾದ ಮೈ ಮೇಲೆ ಉಳಿಯಿಂದ ಚಿತ್ತಾರ ಕೊರೆದು, ಗೀರಿನೊಳಗೆ ಬೆಳ್ಳಿ ತಂತಿ ಬಡಿದು, ಉಜ್ಜಿ ನಯ ಮಾಡುತ್ತಾರೆ. ಆಗ ಹೂಜಿಯೂ ಬೆಳ್ಳಿಯೂ ಒಂದೇ ಬಿಳುಪು. ಚಿತ್ತಾರ ಕಣ್ಣಿಗೇ ಬೀಳದು. ಕೊನೆಗೆ ಕೋಟೆಯಿಂದ ತಂದ, ಬಿಸಿಲು ಮಳೆ ತಾಗದ ಹಳೇ ಮಣ್ಣಿಗೆ ನವಸಾಗರ ಬೆರೆಸಿ, ಬಿಸಿ ಮಾಡಿದ ಹೂಜಿಗೆ ತಿಕ್ಕುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿಯ ಬಳ್ಳಿ ಎದ್ದು ಕಾಣುತ್ತದೆ.