ಫೊರೆನ್ಸಿಕ್ ಲ್ಯಾಬ್‌ನಲ್ಲಿ ಇಂಟರ್ನ್‌ಶಿಪ್: ಮೊದಲ ಪಾಠ, ಮುಟ್ಟಬೇಡಿ!

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಹಾಸ್ಟೆಲ್ ಗೆಳೆಯನೊಬ್ಬ ಪಾರ್ಟ್ ಟೈಮ್ ಕೆಲಸದ ಆಸೆಗೆ ಬಿದ್ದು ಆನ್‌ಲೈನ್‌ನಲ್ಲಿ ದುಡ್ಡು ಕಳ್ಕೊಂಡ. ಮೆಸ್ ಬಿಲ್ಲಿಗೆ ಅಂತ ಮನೆಯಿಂದ ಕಳಿಸಿದ್ದ ದುಡ್ಡು. ಅಪ್ಪನಿಗೆ ಗೊತ್ತಾದ್ರೆ ಏನು ಗತಿ ಅಂತ ಹೆದರಿ ಚಾಟ್ ಎಲ್ಲಾ ಡಿಲೀಟ್ ಮಾಡಿದ. "ಫೋನಲ್ಲಿ ವೈರಸ್ ಇರಬಹುದು, ಒಂದು ಸಲ ರೀಸೆಟ್ ಮಾಡ್ಬಿಡು" ಅಂತ ಸಲಹೆ ಕೊಟ್ಟವರು ನಾವೇ, ಇಂಜಿನಿಯರಿಂಗ್ ಓದುವ ಬುದ್ಧಿವಂತರು! ಮರುದಿನ ಧೈರ್ಯ ಮಾಡಿ ದೂರು ಕೊಡಲು ಹೋದಾಗ ಅಲ್ಲಿ ಕೇಳಿದ ಮೊದಲ ಪ್ರಶ್ನೆ, "ಚಾಟ್ ಎಲ್ಲಿ? ಆ ನಂಬರ್ ಎಲ್ಲಿ?" ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಆ ತಪ್ಪು ನಮ್ಮನ್ನು ತುಂಬಾ ದಿನ ಕಾಡಿತು. ಅದೇ ಸಮಯದಲ್ಲಿ, ಒಂದು ಫೊರೆನ್ಸಿಕ್ ಲ್ಯಾಬ್‌ನಲ್ಲಿ ಒಂದು ತಿಂಗಳು ಇಂಟರ್ನ್‌ಶಿಪ್ ಮಾಡಿ ಬಂದ ಸೀನಿಯರ್ ಅಕ್ಕ ಒಬ್ಬರು ಕ್ಯಾಂಟೀನಲ್ಲಿ ಸಿಕ್ಕರು. "ಅಕ್ಕಾ, ಅಲ್ಲಿ ನಿಜವಾಗ್ಲೂ ಏನ್ ಮಾಡಿಸ್ತಾರೆ?" ಅಂತ ಕೇಳಿದೆವು. ಅವರು ನಕ್ಕು ಹೇಳಿದ್ದು ಇಷ್ಟು: "ಮೊದಲನೇ ದಿನ ನಂಗೆ ಕಲಿಸಿದ್ದು ಒಂದೇ ಪಾಠ. ಏನನ್ನೂ ಮುಟ್ಟಬೇಡ!" ಯಾಕೆ ಹಾಗೆ ಅಂತ ಅವರಿಂದ ಕೇಳಿ, ಆಮೇಲೆ ನಾವೇ ಓದಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಲ್ಯಾಬ್ ಎಲ್ಲಿದೆ?

ನಮ್ಮ ರಾಜ್ಯದ ಮುಖ್ಯ ವಿಧಿವಿಜ್ಞಾನ ಪ್ರಯೋಗಾಲಯ, ಅಂದ್ರೆ ಎಫ್‌ಎಸ್‌ಎಲ್, ಬೆಂಗಳೂರಿನ ಮಡಿವಾಳದಲ್ಲಿದೆ. ಮೈಸೂರು, ಮಂಗಳೂರು, ದಾವಣಗೆರೆ, ಬೆಳಗಾವಿ, ಕಲಬುರಗಿ ಮುಂತಾದ ಕಡೆ ಪ್ರಾದೇಶಿಕ ಪ್ರಯೋಗಾಲಯಗಳಿವೆ. ಕೊಡಗಿನವರಾದ ನಮಗೆ ಹತ್ತಿರದ್ದು ಮೈಸೂರು, ಮಡಿಕೇರಿಯಿಂದ ಸುಮಾರು 120 ಕಿ.ಮೀ. ಲ್ಯಾಬ್ ಅಂದ ತಕ್ಷಣ ರಕ್ತ, ವಿಷ, ಡಿಎನ್‌ಎ ಮಾತ್ರ ನೆನಪಾಗುತ್ತೆ. ಆದರೆ ಬಂದೂಕು ಪರೀಕ್ಷಿಸುವ ವಿಭಾಗ, ಸಹಿ ಮತ್ತು ದಾಖಲೆ ಪರೀಕ್ಷಿಸುವ ವಿಭಾಗ, ಮೊಬೈಲ್ ಮತ್ತು ಕಂಪ್ಯೂಟರ್ ವಿಭಾಗಗಳೂ ಇರುತ್ತವೆ. ನಮ್ಮಂಥವರಿಗೆ ಕೆಲಸ ಇರುವುದು ಇಲ್ಲೇ.

ಯಾಕೆ ಮುಟ್ಟಬಾರದು?

ಪೊಲೀಸರು ಮಹಜರು ಮಾಡಿ, ವಸ್ತುವನ್ನು ಪ್ಯಾಕ್ ಮಾಡಿ, ಸೀಲ್ ಹಾಕಿ ಲ್ಯಾಬ್‌ಗೆ ಕಳಿಸುತ್ತಾರೆ. ಅಲ್ಲಿಂದ ಕೋರ್ಟ್ ತಲುಪುವವರೆಗೆ ಅದು ಯಾರ ಕೈಯಿಂದ ಯಾರ ಕೈಗೆ ಹೋಯ್ತು, ಯಾವಾಗ, ಸೀಲ್ ಸರಿಯಾಗಿತ್ತಾ ಅನ್ನುವುದೆಲ್ಲ ಬರಹದಲ್ಲಿ ಇರಲೇಬೇಕು. ಈ ಸರಪಳಿಯ ಒಂದು ಕೊಂಡಿ ತಪ್ಪಿದರೂ ವಕೀಲರು ಅದನ್ನೇ ಹಿಡಿದು ಪ್ರಶ್ನೆ ಮಾಡ್ತಾರೆ. ಅದಕ್ಕೇ ಇಂಟರ್ನ್‌ಗಳ ಕೈಗೆ ನಿಜವಾದ ಕೇಸಿನ ವಸ್ತು ಕೊಡುವುದಿಲ್ಲ. ದೂರದಿಂದ ನೋಡಬೇಕು, ಅಭ್ಯಾಸಕ್ಕೆ ಅಂತ ಮಾಡಿಟ್ಟ ಮಾದರಿಗಳ ಮೇಲೆ ಕಲಿಯಬೇಕು.

ಇದು ಅತಿಯಾಯ್ತು ಅನ್ಸುತ್ತಾ? ಜರ್ಮನಿಯ ಹೈಲ್‌ಬ್ರಾನ್ ಊರಿನ ಕಥೆ ಕೇಳಿ. 2007ರಲ್ಲಿ ಅಲ್ಲಿ ಒಬ್ಬ ಮಹಿಳಾ ಪೊಲೀಸ್ ಕೊಲೆಯಾಯಿತು. ಅಲ್ಲಿ ಸಿಕ್ಕ ಒಂದು ಹೆಣ್ಣಿನ ಡಿಎನ್‌ಎ, ಜರ್ಮನಿ, ಆಸ್ಟ್ರಿಯಾ, ಫ್ರಾನ್ಸ್‌ನ ಸುಮಾರು 40 ಅಪರಾಧ ಸ್ಥಳಗಳಲ್ಲೂ ಸಿಕ್ಕಿತ್ತು. ಪೊಲೀಸರು ವರ್ಷಗಟ್ಟಲೆ ಆ ಹೆಂಗಸನ್ನು ಹುಡುಕಿದರು. ಕೊನೆಗೆ 2009ರಲ್ಲಿ ಗೊತ್ತಾಗಿದ್ದೇನು? ಅಂಥ ಅಪರಾಧಿಯೇ ಇರಲಿಲ್ಲ! ಮಾದರಿ ತೆಗೆಯಲು ಬಳಸುವ ಹತ್ತಿಯ ಕಡ್ಡಿಗಳನ್ನು ಪ್ಯಾಕ್ ಮಾಡುವಲ್ಲಿ ಕೆಲಸ ಮಾಡುತ್ತಿದ್ದ ಮಹಿಳೆಯ ಡಿಎನ್‌ಎ ಅದು. ಕಡ್ಡಿಗಳು ಸ್ಟೆರಿಲೈಸ್ ಆಗಿದ್ದವು ನಿಜ, ಆದರೆ ಅದರಿಂದ ಕ್ರಿಮಿ ಸಾಯುತ್ತೆ, ಡಿಎನ್‌ಎ ಹೋಗುವುದಿಲ್ಲ. ಯಾರೋ ಒಬ್ಬರ ಒಂದು ಸ್ಪರ್ಶ ಮೂರು ದೇಶದ ಪೊಲೀಸರನ್ನು ಸುತ್ತಾಡಿಸಿತು.

ಮೆಕ್ಯಾನಿಕಲ್‌ನವರಿಗೆ: ಕೋವಿಯ ಗುರುತು

ಕೈಲ್ ಮುಹೂರ್ತಕ್ಕೆ ಕೋವಿಗೆ ಹೂವಿಟ್ಟು ಪೂಜೆ ಮಾಡುವ ಜಿಲ್ಲೆ ನಮ್ಮದು. ಆ ಕೋವಿ ಹಾರಿದರೆ ಏನು ಗುರುತು ಉಳಿಯುತ್ತೆ ಅಂತ ಯೋಚಿಸಿದ್ದೀರಾ? ರೈಫಲ್‌ನ ನಳಿಗೆಯೊಳಗೆ ಸುರುಳಿ ಗೀರುಗಳಿರುತ್ತವೆ, ಅವು ಗುಂಡಿನ ಮೇಲೆ ಅಚ್ಚು ಬೀಳುತ್ತವೆ. ಆದರೆ ಸಾಮಾನ್ಯ ತೋಟಾ ಕೋವಿಯ ನಳಿಗೆ ಒಳಗೆ ನಯ. ಅದರಿಂದ ಹೊರಟ ಚಿಲ್ಲಿಗಳ ಮೇಲೆ ಅಂಥ ಗುರುತು ಸಿಗುವುದಿಲ್ಲ. ಹಾಗಾದ್ರೆ? ಖಾಲಿ ತೋಟಾದ ಹಿಂಭಾಗ ನೋಡಬೇಕು. ಫೈರಿಂಗ್ ಪಿನ್ ಹೊಡೆದ ಕುಳಿ ಅಲ್ಲಿರುತ್ತೆ. ತಯಾರಿಯಲ್ಲಿ, ಬಳಕೆಯಲ್ಲಿ ಆ ಪಿನ್ನಿನ ತುದಿಯಲ್ಲಿ ಉಂಟಾದ ಸಣ್ಣ ಸಣ್ಣ ಏರುತಗ್ಗುಗಳೂ ಅದರಲ್ಲಿ ಮೂಡಬಹುದು. ಅನುಮಾನವಿರುವ ಕೋವಿಯಿಂದ ಲ್ಯಾಬ್‌ನಲ್ಲಿ ಇನ್ನೊಂದು ತೋಟಾ ಹಾರಿಸಿ, ಎರಡನ್ನೂ ಅಕ್ಕಪಕ್ಕ ತೋರಿಸುವ ಮೈಕ್ರೋಸ್ಕೋಪ್‌ನಲ್ಲಿ ಇಟ್ಟು ಹೋಲಿಸುತ್ತಾರೆ. ನಾವು ವರ್ಕ್‌ಶಾಪ್‌ನಲ್ಲಿ ಬೇಜಾರಿನಿಂದ ಓದುವ ಸರ್ಫೇಸ್ ಫಿನಿಶ್ ಪಾಠ ಇದೇ ಅಲ್ವಾ?

ಕಂಪ್ಯೂಟರ್ ಸೈನ್ಸ್‌ನವರಿಗೆ: 64 ಅಕ್ಷರಗಳ ಸೀಲ್

ವಶಪಡಿಸಿಕೊಂಡ ಹಾರ್ಡ್ ಡಿಸ್ಕನ್ನು ಸುಮ್ಮನೆ ಕಂಪ್ಯೂಟರ್‌ಗೆ ಸಿಕ್ಕಿಸಿದರೂ ಅದರೊಳಗಿನ ಕೆಲವು ಮಾಹಿತಿ ಬದಲಾಗಬಹುದು. ಆದ್ದರಿಂದ ರೈಟ್ ಬ್ಲಾಕರ್ ಅನ್ನುವ ಸಾಧನದ ಮೂಲಕ ಜೋಡಿಸುತ್ತಾರೆ. ಇದು ಓದಲು ಬಿಡುತ್ತೆ, ಬರೆಯಲು ಬಿಡಲ್ಲ. ನಂತರ ಬಿಟ್ ಬಿಟ್ಟಾಗಿ ನಕಲು ತೆಗೆದು, ಮೂಲ ಮತ್ತು ನಕಲು ಎರಡರ ಹ್ಯಾಶ್ ಲೆಕ್ಕ ಹಾಕುತ್ತಾರೆ. ಶಾ-256 ಬಳಸಿದರೆ, ಡಿಸ್ಕ್ ಎಷ್ಟೇ ದೊಡ್ಡದಿರಲಿ, ಹೆಕ್ಸಾಡೆಸಿಮಲ್‌ನಲ್ಲಿ ಬರುವ ಉತ್ತರ 64 ಅಕ್ಷರ. ಒಳಗೆ ಒಂದೇ ಒಂದು ಬಿಟ್ ಬದಲಾದರೂ ಉತ್ತರ ಪೂರ್ತಿ ಬೇರೆ ಆಗುತ್ತೆ. ಇದೇ ಡಿಜಿಟಲ್ ಸೀಲ್. ತನಿಖೆ ನಡೆಯುವುದು ನಕಲಿನ ಮೇಲೆ, ಮೂಲವನ್ನು ಮುಟ್ಟುವುದಿಲ್ಲ.

2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ, ಎಲೆಕ್ಟ್ರಾನಿಕ್ ದಾಖಲೆಯ ಜೊತೆ ಕೊಡುವ ಪ್ರಮಾಣಪತ್ರದಲ್ಲಿ ಹ್ಯಾಶ್ ಬರೆಯಲು ಜಾಗವೇ ಇದೆ. ಅದೇ ದಿನ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, 7 ವರ್ಷ ಅಥವಾ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ಫೊರೆನ್ಸಿಕ್ ತಜ್ಞರು ಸ್ಥಳಕ್ಕೆ ಹೋಗಬೇಕು ಅನ್ನುತ್ತೆ. ಇದನ್ನು ಜಾರಿಗೆ ತರಲು ರಾಜ್ಯಗಳಿಗೆ 5 ವರ್ಷದವರೆಗೆ ಸಮಯ ಇದೆ. ಅಂದ್ರೆ ನಾವು ಡಿಗ್ರಿ ಮುಗಿಸಿ ಹೊರಬರುವ ಹೊತ್ತಿಗೆ ಈ ಕೆಲಸ ಬಲ್ಲವರು ಇನ್ನೂ ಹೆಚ್ಚು ಬೇಕಾಗುತ್ತಾರೆ.

ಹೋಗುವ ಮನಸ್ಸಿದ್ದರೆ

ರಜೆ ಶುರುವಾದ ಮೇಲೆ ಅರ್ಜಿ ಹಾಕಿದರೆ ತಡ, ತಿಂಗಳುಗಳ ಮೊದಲೇ ಕೇಳಿ. ಕಾಲೇಜಿನ ಪತ್ರ, ವಿಭಾಗ ಮುಖ್ಯಸ್ಥರ ಸಹಿ ಸಿದ್ಧ ಇರಲಿ. ಯಾವ ವಿಭಾಗ, ಯಾಕೆ ಅಂತ ಸ್ಪಷ್ಟವಾಗಿ ಬರೆಯಿರಿ. ಸೀಟು ಕಡಿಮೆ, ಫೊರೆನ್ಸಿಕ್ ಓದುವವರ ಪೈಪೋಟಿಯೂ ಇರುತ್ತೆ, ಸಿಗದಿದ್ದರೆ ಬೇಸರ ಬೇಡ. ಸಿಕ್ಕಿದರೆ ಒಂದು ಮಾತು ನೆನಪಿಡಿ: ಒಳಗೆ ನೋಡಿದ್ದನ್ನು ಸ್ಟೇಟಸ್‌ಗೆ ಹಾಕಬೇಡಿ, ರೂಮ್‌ಮೇಟ್‌ಗೂ ಹೇಳಬೇಡಿ. ಅಲ್ಲಿನ ಪ್ರತಿ ಪೊಟ್ಟಣದ ಹಿಂದೆ ಒಂದು ಮನೆಯ ದುಃಖ ಇದೆ. ವರದಿಗಾಗಿ ಕಾಯುತ್ತಾ ಜೈಲಲ್ಲಿ ಕೂತವನು ನಿರಪರಾಧಿಯೂ ಆಗಿರಬಹುದು.

ಇಂಟರ್ನ್‌ಶಿಪ್ ಸಿಗಲಿ ಬಿಡಲಿ, ಮೊದಲ ಪಾಠವನ್ನು ಇವತ್ತೇ ಕಲಿಯಬಹುದು. ನಿಮ್ಮ ಗೆಳೆಯರು ಯಾರಾದರೂ ಆನ್‌ಲೈನ್ ಮೋಸಕ್ಕೆ ಸಿಕ್ಕಿದರೆ ಬೈಯಬೇಡಿ, ಏನನ್ನೂ ಡಿಲೀಟ್ ಮಾಡಲು ಬಿಡಬೇಡಿ. ಸ್ಕ್ರೀನ್‌ಶಾಟ್ ತೆಗೆದು, ಹಣ ಹೋದ ವಿವರ ಕೈಯಲ್ಲಿ ಹಿಡಿದು ಕೂಡಲೇ 1930ಕ್ಕೆ ಕರೆ ಮಾಡಿ. ಎಷ್ಟು ಬೇಗ ಹೇಳ್ತೀರೋ ಅಷ್ಟು ಒಳ್ಳೆಯದು.

ನಮ್ಮ ಗೆಳೆಯನ ದುಡ್ಡು ವಾಪಸ್ ಬರಲಿಲ್ಲ. ಅವತ್ತು ರಾತ್ರಿ ನಾವು ಅವನ ಫೋನ್ ಮುಟ್ಟದೇ ಇದ್ದಿದ್ದರೆ ಬರುತ್ತಿತ್ತೇನೋ. ಈಗ ಅವನೇ ನಮ್ಮ ಬ್ಯಾಚಲ್ಲಿ ಡಿಜಿಟಲ್ ಫೊರೆನ್ಸಿಕ್ ವಿಭಾಗಕ್ಕೆ ಅರ್ಜಿ ಬರೆಯುತ್ತಿದ್ದಾನೆ. ಕನ್ನಡದಲ್ಲಿ ತಪ್ಪಿದ್ದರೆ ಕ್ಷಮಿಸಿ, ಅರ್ಜಿ ಹಾಕುವವರಿದ್ದರೆ ನಮ್ಮ ಜೊತೆ ಸೇರ್ಕೊಳ್ಳಿ!